ಒಗೆಯುವುದು ಹೇಗೆ?

ಊರಿನಿಂದ ಬಂದ ನೆಂಟರಿಗೆ ಲಂಡನ್ ತೋರಿಸುವವರು ಟಿಕೆಟ್ಟಿನ ಖರ್ಚಿಗೂ ಕಾಲುನೋವಿಗೂ ಸಿದ್ಧರಾಗಿಯೇ ಇರುತ್ತಾರೆ. ದುಭಾಷಿಯ ಕೆಲಸವೂ ತಮ್ಮದೇ ಎಂದು ಮಾತ್ರ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ನಮ್ಮ ಭಾವನವರು ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿಯೇ ಪತ್ರವ್ಯವಹಾರ ನಡೆಸಿ ನಿವೃತ್ತರಾದವರು. ಆದರೂ ಹೀತ್ರೋದಲ್ಲಿ ಇಳಿದ ಕ್ಷಣದಿಂದ, “ನಿನ್ನ ಉಚ್ಚಾರ ಇವರಿಗೆ ಬೇಗ ತಿಳಿಯುತ್ತದೆ, ನೀನೇ ಕೇಳು” ಎಂದು ನನ್ನ ಮೊಣಕೈ ತಿವಿಯುತ್ತಾರೆ. ಬೇಸಿಗೆಗೆ ಮತ್ತೆ ಬರುತ್ತಾರೆಂದು ಅಕ್ಕ ನಿನ್ನೆ ಫೋನಿನಲ್ಲಿ ತಿಳಿಸಿದಾಗಿನಿಂದ ನನ್ನ ಮೊಣಕೈ ನೋಯತೊಡಗಿದೆ.

ಹಿಂದಿನ ಸಲ ಅವರು ಬಂದದ್ದು 2018ರಲ್ಲಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಆಗ ‘ಫ್ಯಾಷನ್ಡ್ ಫ್ರಮ್ ನೇಚರ್’ ಎಂಬ ಪ್ರದರ್ಶನ ನಡೆಯುತ್ತಿತ್ತು. 1600ರಿಂದ ಈಚೆಗೆ ಮನುಷ್ಯ ಪ್ರಕೃತಿಯಿಂದ ಏನೇನನ್ನು ಕಿತ್ತು ಮೈಮೇಲೆ ಹಾಕಿಕೊಂಡಿದ್ದಾನೆ, ಈಗ ಕಸದಿಂದಲೂ ಏನೇನು ಹೊಲಿಸಿಕೊಳ್ಳಬಲ್ಲ ಎಂಬುದನ್ನೆಲ್ಲ ಅಲ್ಲಿ ಗಾಜಿನೊಳಗೆ ನಿಲ್ಲಿಸಿದ್ದರು. ಅಕ್ಕ ಸುಮ್ಮನೆ ನೋಡುತ್ತ ಸಾಗಿದಳು. ಭಾವನವರಿಗೆ ಮಾತ್ರ ಪ್ರತಿಯೊಂದು ಉಡುಪಿನ ಮುಂದೆಯೂ ಒಂದೇ ಪ್ರಶ್ನೆ: “ಇದನ್ನು ಒಗೆಯುವುದು ಹೇಗೆ? ಕೇಳು.”

ಮೊದಲು ಸಿಕ್ಕಿದ್ದು ನಟಿ ಎಮ್ಮಾ ವಾಟ್ಸನ್ ನ್ಯೂಯಾರ್ಕಿನ ಫ್ಯಾಷನ್ ಸಮಾರಂಭವಾದ ಮೆಟ್ ಗಾಲಾಕ್ಕೆ 2016ರಲ್ಲಿ ತೊಟ್ಟ, ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳಿಂದ ನೂಲು ತೆಗೆದು ಮಾಡಿದ ಉಡುಪು. ಇಸ್ತ್ರಿ ಮಾಡಿದರೆ ಕರಗುವುದಿಲ್ಲವೇ ಎಂದು ಕೇಳಬೇಕಾಯಿತು. ಭಾವನವರು ತೊಟ್ಟಿದ್ದ ಪಾಲಿಯೆಸ್ಟರ್ ಷರಟಿಗೂ ನೀರಿನ ಬಾಟಲಿಗೂ ಮೂಲವಸ್ತು ಒಂದೇ ಎಂದು ನಾನು ಪಿಸುಗುಟ್ಟಿದರೆ, “ನಿನ್ನನ್ನಲ್ಲ, ಅವರನ್ನು ಕೇಳು” ಎಂದರು. ಕಾವಲಿಗಿದ್ದ ಮಹಿಳೆ ನಕ್ಕು ಕಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಗಂಭೀರವಾಗಿ ಯೋಚಿಸಿ, ಸಣ್ಣ ಉರಿಯಲ್ಲಿ ಮಾಡಬಹುದೇನೋ ಎಂದುಬಿಟ್ಟರು. ಭಾವನವರಿಗೆ ಅಷ್ಟು ಪ್ರೋತ್ಸಾಹ ಸಾಕಾಗಿತ್ತು. ಇಟಲಿಯಲ್ಲಿ ಕಿತ್ತಳೆಯ ರಸ ಹಿಂಡಿ ಉಳಿದ ಸಿಪ್ಪೆಯಿಂದ ನೂಲು ತೆಗೆದು ನೇಯ್ದ ಬಟ್ಟೆಗೆ ಇರುವೆ ಮುತ್ತುವುದಿಲ್ಲವೇ? ದ್ರಾಕ್ಷಿಯ ಚರಟದಿಂದ ಮಾಡಿದ ಚರ್ಮದಂಥ ಬಟ್ಟೆ ಮಳೆಯಲ್ಲಿ ನೆನೆದರೆ ಹುಳಿ ವಾಸನೆ ಬರುವುದಿಲ್ಲವೇ? ಡಯಾನಾ ಶೇರರ್ ಎಂಬ ಕಲಾವಿದೆ ಗಿಡದ ಬೇರುಗಳನ್ನೇ ಮಣ್ಣಿನೊಳಗೆ ಕಸೂತಿಯಂತೆ ಹೆಣೆದುಕೊಳ್ಳುವ ಹಾಗೆ ಬೆಳೆಸಿ ರೂಪಿಸಿದ ಉಡುಪನ್ನು ಒಗೆಯಬೇಕೋ, ಅದಕ್ಕೆ ನೀರು ಹಾಕಬೇಕೋ? ಈ ಕೊನೆಯ ಪ್ರಶ್ನೆಯನ್ನು ನಾನು ಇಂಗ್ಲಿಷಿಗೆ ತಂದದ್ದನ್ನು ಕೇಳಿ ಪಕ್ಕದಲ್ಲಿದ್ದ ಜಪಾನೀ ಪ್ರವಾಸಿಗರು ನನ್ನತ್ತ ಕನಿಕರದಿಂದ ನೋಡಿದರು. ಪ್ರಶ್ನೆ ಹೆತ್ತವರತ್ತ ಯಾರೂ ನೋಡಲಿಲ್ಲ.

ಪುಟ್ಟ ಹಕ್ಕಿಗಳ ತಲೆಯನ್ನೇ ತೂಗಿಬಿಟ್ಟ, 1875ರ ಸುಮಾರಿನ ಕಿವಿಯೋಲೆಗಳ ಮುಂದೆ ಅವರು ಏನನ್ನೂ ಕೇಳದೆ ಬೇಗ ದಾಟಿದರು. ಮುಂದಿನದು 1868–69ರ ಬಿಳಿ ಮಸ್ಲಿನ್ ಉಡುಪು, ಅದರ ಮೈತುಂಬ ಹಸಿರಾಗಿ ಹೊಳೆಯುವ ಕೀಟದ ರೆಕ್ಕೆಕವಚಗಳು. “ಬಟ್ಟೆಗೆ ಹುಳ ಬೀಳದಿರಲೆಂದು ನುಸಿಗುಳಿಗೆ ಇಡುತ್ತೇವೆ. ಬಟ್ಟೆಯೇ ಹುಳವಾದರೆ ಏನು ಇಡುತ್ತಾರೆ, ಕೇಳು” ಎಂದವರು, ನಾನು ಬಾಯಿ ತೆರೆಯುವ ಮೊದಲೇ ಗಾಜಿನ ಹತ್ತಿರ ಬಾಗಿ, “ಇದು ಜೀರ್ಜಿಂಬೆಯಲ್ಲವೇನೋ!” ಎಂದರು.

ಕಡ್ಡಿಪೆಟ್ಟಿಗೆಗೆ ತೂತು ಕೊರೆದು, ಜಾಲಿಯ ಎಲೆ ಹಾಕಿ, ಜೀರ್ಜಿಂಬೆ ಮೊಟ್ಟೆ ಇಡುವುದನ್ನು ಕಾಯುತ್ತ ಕುಳಿತ ಬಾಲ್ಯ ಅವರದೂ ಹೌದು, ನನ್ನದೂ ಹೌದು. ಪಾಠದ ನಡುವೆ ಪೆಟ್ಟಿಗೆಯೊಳಗಿಂದ ಪರಪರ ಸದ್ದು ಬಂದಾಗ ಮೇಷ್ಟರಿಂದ ತಿಂದ ಏಟು ನೆನಪಿದೆ. ಕೊನೆಗೆ ಆ ಹುಳಗಳು ಏನಾದವೆಂಬುದು ನೆನಪಿಲ್ಲ. ಈಚೆಗೆ ಊರಿಗೆ ಹೋದಾಗಲೂ ಒಂದೂ ಕಣ್ಣಿಗೆ ಬಿದ್ದಿಲ್ಲ. ಆ ಹಸಿರು ಹಚ್ಚಿದ ಬಣ್ಣವಲ್ಲ, ಕವಚದ ಸೂಕ್ಷ್ಮ ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವಂಥದು. ಆದ್ದರಿಂದ ಒಂದೂವರೆ ಶತಮಾನವಾದರೂ ಮಾಸಿಲ್ಲ. ಒಗೆದರೂ ಬಣ್ಣ ಬಿಡದು ಎಂದು ಹೇಳಲು ನಾನು ತಿರುಗಿದೆ.

ಭಾವನವರು ಪಕ್ಕದಲ್ಲಿರಲಿಲ್ಲ. ಕಾವಲಿನ ಮಹಿಳೆಯ ಎದುರು ನಿಂತು, ಕಡ್ಡಿಪೆಟ್ಟಿಗೆಯ ಅಳತೆಯಿಂದ ಜಾಲಿಮರದ ಮುಳ್ಳಿನವರೆಗೆ ಎಲ್ಲವನ್ನೂ ತಡೆಯಿಲ್ಲದ ಇಂಗ್ಲಿಷಿನಲ್ಲಿ, ಬ್ಯಾಂಕಿನ ಕರ್ಮವಾಚ್ಯ ಪ್ರಯೋಗಗಳ ಸಮೇತ ವಿವರಿಸುತ್ತಿದ್ದರು. ಆಕೆಗೆ ಒಂದು ಪದವೂ ತಿಳಿಯದೆ ಹೋದಂತೆ ಕಾಣಲಿಲ್ಲ. ನನ್ನ ಉಚ್ಚಾರದ ಅಗತ್ಯ ಅಲ್ಲಿ ಯಾರಿಗೂ ಬೀಳಲಿಲ್ಲ.

ಹೊರಗೆ ಬರುವಾಗ ಸಂದರ್ಶಕರ ಅಭಿಪ್ರಾಯ ಬರೆಯುವ ಚೀಟಿಗಳು ಕಂಡವು. “ನಿನ್ನ ಅಕ್ಷರ ದುಂಡಗಿದೆ, ನೀನೇ ಬರೆ” ಎಂದು ಮೊಣಕೈ ತಿವಿದರು. ಪ್ರತಿ ಉಡುಪಿನ ಕೆಳಗೂ ಒಗೆಯುವ ವಿಧಾನವನ್ನು ಕಡ್ಡಾಯವಾಗಿ ನಮೂದಿಸತಕ್ಕದ್ದು ಎಂದು ಅವರು ಹೇಳುತ್ತ ಹೋದಂತೆ ಬರೆದೆ. ಕೆಳಗೆ ನನ್ನ ಹೆಸರು, ನನ್ನ ಇ-ಮೇಲ್ ವಿಳಾಸ.