ಶಿಬಿರ ಮುಗೀತು, ಚೀಟಿ ಏನ್ ಮಾಡೋದು?

ದಾವಣಗೆರೆಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಿಗೆ ಬರ ಇಲ್ಲ. ಜಯಂತಿ, ಹುಟ್ಟುಹಬ್ಬ, ಪುಣ್ಯಸ್ಮರಣೆ, ಯಾವುದಾದರೂ ಸರಿ, ಒಂದು ಶಾಮಿಯಾನ, ಒಂದು ಬಿ.ಪಿ. ಯಂತ್ರ. 1965ರಿಂದ ಮೆಡಿಕಲ್ ಕಾಲೇಜು ಇರೋ ಊರಲ್ಲಿ ಡಾಕ್ಟರುಗಳಿಗೇನು ಕೊರತೆ? ಮಾರನೇ ದಿನ ಪೇಪರಿನಲ್ಲಿ ಎಷ್ಟು ನೂರು ಜನ ಬಂದಿದ್ದರು ಅಂತ ಸುದ್ದಿ. ಅವರಲ್ಲಿ ಬಿ.ಪಿ., ಶುಗರ್ ಹೆಚ್ಚಿದ್ದವರು ತಿಂಗಳಾದ ಮೇಲೆ ಯಾವ ಡಾಕ್ಟರ ಹತ್ತಿರ ಹೋಗ್ತಿದ್ದಾರೆ ಅಂತ ಯಾರೂ ಕೇಳಲ್ಲ. ಶಿಬಿರ ಗೆದ್ದಿತೋ ಸೋತಿತೋ ಅಂತ ನಾನಾದರೆ ಅದನ್ನೇ ನೋಡಿ ಹೇಳ್ತೀನಿ.

ನಾನು ಮೆಡಿಕಲ್ ಶಾಪ್ ಇಟ್ಟಿರೋನು. ಶಿಬಿರದ ಮಾರನೇ ದಿನದ ಕಥೆ ನನ್ನ ಕೌಂಟರಿಗೇ ಬರುತ್ತೆ. ನಾಲ್ಕಾಗಿ ಮಡಚಿದ ಚೀಟಿ, ಬೆವರಿಗೆ ಕಲೆಸಿಹೋದ ಶಾಯಿ, 'ಬಿ.ಪಿ. 170/100'. ಎಷ್ಟು ಸಲ ನೋಡಿದ್ರು, ಮುಂದೆ ಎಲ್ಲಿಗೆ ಹೋಗಬೇಕು, ಏನೂ ಬರೆದಿರಲ್ಲ. ಮೇಲುಗಡೆ ಪ್ರಾಯೋಜಕರ ಫೋಟೊ ಮಾತ್ರ ಬಣ್ಣದಲ್ಲಿ.

"ಇದಕ್ಕೊಂದ್ ಗುಳಿಗೆ ಕೊಡ್ರಿ ಅಣ್ಣಾ."

"ಡಾಕ್ಟ್ರು ಬರೀದೇ ಹೆಂಗ್ ಕೊಡ್ಲಿ ಅಮ್ಮಾ?"

"ಮತ್ತೆ ನಿನ್ನೆ ನೋಡಿದೋರು ಡಾಕ್ಟ್ರಲ್ಲೇನ್ರಿ?"

ಏನಂತ ಉತ್ತರ ಕೊಡೋದು?

ಆ 170 ಕೂಡ ಎಷ್ಟು ನಿಜವೋ! ಬಿಸಿಲಲ್ಲಿ ಕ್ಯೂ ನಿಂತು, ನಡುವೆ ನುಗ್ಗಿದವರ ಜೊತೆ ಜಗಳ ಮಾಡಿ ಬಂದವರಿಗೆ ಕುರ್ಚಿಗೆ ಕೂತ ಕೂಡಲೇ ಪಟ್ಟಿ ಸುತ್ತುತ್ತಾರೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಮಟ್ಟಕ್ಕೆ ಇರಬೇಕು, ಮಾತಾಡಿಸಬಾರದು. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಅರ್ಧ ಗಂಟೆಯೊಳಗೆ ಟೀ ಕುಡಿದಿದ್ದರೆ, ಬೀಡಿ ಸೇದಿದ್ದರೆ ಕಾಯಿಸಬೇಕು. ಶುಗರ್‌ನದ್ದೂ ಇದೇ ಪಾಡು. ಬೆಣ್ಣೆದೋಸೆ ತಿಂದು ಬಂದವರ ಬೆರಳು ಚುಚ್ಚಿ, 160 ಬಂತು ಅಂತ "ನಿಮಗೆ ಶುಗರ್ ಐತಿ" ಅಂದುಬಿಡ್ತಾರೆ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೂ ಲ್ಯಾಬಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ತಿಂದು ಎಷ್ಟು ಹೊತ್ತಾಯ್ತು ಅಂತ ಬರೆಯೋಕೆ ಚೀಟಿಯಲ್ಲಿ ಒಂದು ಗೆರೆ ಜಾಗ ಬಿಟ್ಟರೆ ಸಾಕಿತ್ತು. ಶುಗರ್ ನೋಡೋ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಿದ್ದರಂತೂ ಆ ರೀಡಿಂಗನ್ನ ನಾನು ನಂಬಲ್ಲ.

ಇನ್ನು ಜಾಗ, ಹೊತ್ತು. ಭಾನುವಾರ ಹನ್ನೊಂದು ಗಂಟೆಗೆ ಕಲ್ಯಾಣ ಮಂಟಪದಲ್ಲಿ ಇಟ್ಟರೆ ಮೊದಲು ಬರೋರು ಕುಂದುವಾಡ ಕೆರೆ ಸುತ್ತೋ ವಾಕಿಂಗ್ ಗೆಳೆಯರು. ಅವರಲ್ಲಿ ಸುಮಾರು ಜನರ ಮನೆಯಲ್ಲೇ ಯಂತ್ರ ಇದೆ (ನಾನೇ ಮಾರಿದ್ದು). ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಹೊಗೆ ಕುಡಿಯೋರು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರೋ ಹಮಾಲರು ಬರಲ್ಲ. ಕೂಲಿ ಬಿಟ್ಟು ಬಾ ಅಂದರೆ ಯಾರು ಬರ್ತಾರೆ? ಅವರು ಕೆಲಸಕ್ಕೆ ಇಳಿಯೋ ಮುಂಚೆ, ಅವರಿರೋ ಕಡೆಗೇ ಹೋಗಬೇಕು. ಬೆಳಗಿನ ಹೊತ್ತಾದರೆ ಹೊಟ್ಟೆ ಖಾಲಿ ಇರೋರೂ ಸಿಗ್ತಾರೆ. ಹೆಣ್ಣುಮಕ್ಕಳಿಗೆ ಒಂದು ಪರದೆ ಕಟ್ಟಿ. ತೂಕ, ಸೊಂಟದ ಅಳತೆ ಮೈಕಿನಲ್ಲಿ ಕೂಗೋದನ್ನೂ ನಾನು ಕೇಳಿದ್ದೀನಿ.

ವೇದಿಕೆ ಕಾರ್ಯಕ್ರಮ ಬೇಡವೇ ಬೇಡ. ಮುಖ್ಯ ಅತಿಥಿ ಬರೋವರೆಗೂ ಡಾಕ್ಟರು ಕೈಕಟ್ಟಿ ಕೂರೋದು, ಖಾಲಿ ಹೊಟ್ಟೆಯಲ್ಲಿ ಬಂದ ಅಜ್ಜಿಗೆ ತಲೆ ಸುತ್ತೋದು, ಆಮೇಲೆ ಶಾಲು ಹಾರ. ಕೊನೆಗೆ ಉಪ್ಪು ಕಮ್ಮಿ ತಿನ್ನಿ ಅನ್ನೋ ಭಾಷಣ, ಹಿಂದೆಯೇ ಮಿರ್ಚಿ ಮಂಡಕ್ಕಿ. ನಮ್ಮೂರಲ್ಲಿ ಮಿರ್ಚಿ ವಿರುದ್ಧ ಮಾತಾಡೋ ಧೈರ್ಯ ನನಗಿಲ್ಲ, ಆದರೂ ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು.

ಕೊನೇ ಮೇಜು ಮಾತ್ರ ಇರಲೇಬೇಕು. ಅಲ್ಲಿ ಆ ವಾರ್ಡಿನ ಆಶಾ ಕಾರ್ಯಕರ್ತೆ ಕೂರಲಿ. 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಸರ್ಕಾರದ್ದೇ ಆದ 'ನಮ್ಮ ಕ್ಲಿನಿಕ್'ನಲ್ಲಿ ಮಾತ್ರೆ ಪುಕ್ಕಟೆ. ಯಾವ ಕ್ಲಿನಿಕ್, ಯಾವ ಹೊತ್ತು, ಏನು ತಗೊಂಡು ಹೋಗಬೇಕು ಅಂತ ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಒಪ್ಪಿದವರ ಫೋನ್ ನಂಬರ್ ಇಟ್ಟುಕೊಂಡು, ವಾರ ಬಿಟ್ಟು ಒಂದು ಫೋನ್ ಮಾಡಿ. ಮೂರು ದಿನದ ಬಿ.ಪಿ. ಮಾತ್ರೆ ಸ್ಯಾಂಪಲ್ ಹಂಚಬೇಡಿ. ನಾಲ್ಕನೇ ದಿನ "ಮುಗೀತಲ್ಲ, ವಾಸಿಯಾಯ್ತು" ಅಂತ ಬಿಟ್ಟುಬಿಡ್ತಾರೆ.

ಎಪಿಎಂಸಿಯಲ್ಲಿ ಬೆಳಿಗ್ಗೆ ಆರಕ್ಕೆ ಶಿಬಿರ ಮಾಡೋ ಸಂಘದವರು ಯಾರಾದರೂ ಇದ್ದರೆ ಹೇಳಿ. ಸ್ಟ್ರಿಪ್, ಸೂಜಿ ಅಸಲು ದರಕ್ಕೆ ಕೊಡ್ತೀನಿ, ಫೋನ್ ಮಾಡೋ ಕೆಲಸಕ್ಕೂ ಅಂಗಡಿ ಹುಡುಗರನ್ನ ಕೂರಿಸ್ತೀನಿ. ಬ್ಯಾನರಿನಲ್ಲಿ ನನ್ನ ಫೋಟೊ ಮಾತ್ರ ಬೇಡ.