ಸೀಸೆಯಲ್ಲ ಸ್ವಾಮಿ, ಸೀಸ!

ನನ್ನ ಮೂರು ವರ್ಷದ ಮೊಮ್ಮಗನಿಗೆ ಕಿಟಕಿ ಸರಳು ಕಚ್ಚುವ ಚಟ. ನಮ್ಮದು ಹಳೇ ಮನೆ. ಸರಳಿನ ಮೇಲೆ ಕೆನೆ ಬಣ್ಣ, ಅದರಡಿ ಹಸಿರು, ಅದರಡಿ ನಮ್ಮಪ್ಪ ಹೊಡೆಸಿದ್ದ ಹಳದಿ. ಕನ್ನಡಕ ಏರಿಸಿ ನೋಡಿದೆ. ಪುಟ್ಟ ಹಲ್ಲಿನ ಗುರುತು ಆಗಲೇ ಹಸಿರಿಗೆ ಇಳಿದಿತ್ತು. ಹಳೇ ಹಳದಿ ಪೇಂಟಿನ ಮಿರುಗು ಎಷ್ಟೋ ಸಲ ಸೀಸದ್ದೇ. ಮಗುವಿನ ರಕ್ತದಲ್ಲಿ ಅದು ಎಷ್ಟಿದೆ ಅಂತ ತಿಳಿದುಕೊಂಡುಬಿಡೋಣ ಎಂದು ಹೊರಟೆ.

ಮೊದಲು ಡಾಕ್ಟರು. "ಮಕ್ಕಳು ಅಂದ್ಮೇಲೆ ಕಚ್ತಾವೆ ಯಜಮಾನ್ರೇ" ಎಂದು ಜಂತುಹುಳದ ಔಷಧಿ ಬರೆದುಕೊಟ್ಟರು. ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆ, ಸಿಡುಕು. ಸೀಸ ಮೈಗೆ ಸೇರಿದರೆ ಬರುವುದು ಇವೇ. ಇವು ಯಾವ ಮನೆಯ ಮಗುವಿಗಿಲ್ಲ ಹೇಳಿ? ಎಷ್ಟೋ ಸಲ ಇವೂ ಇರುವುದಿಲ್ಲ, ಬುದ್ಧಿ ಮಾತ್ರ ಸದ್ದಿಲ್ಲದೆ ಮಂಕಾಗುತ್ತದೆ. ಅದಕ್ಕೆ ನಮ್ಮಲ್ಲಿ ಔಷಧಿ ಯಾವಾಗಲೂ ರೆಡಿ: ಟ್ಯೂಷನ್.

ಅಲ್ಲಿಂದ ಲ್ಯಾಬಿಗೆ.

"ಲೆಡ್ ಟೆಸ್ಟ್ ಮಾಡ್ತೀರೇನಮ್ಮಾ?"

"ಲಿಪಿಡ್ ಟೆಸ್ಟಾ ಅಂಕಲ್? ನಾಳೆ ಖಾಲಿ ಹೊಟ್ಟೇಲಿ ಬನ್ನಿ."

"ಲಿಪಿಡ್ ಅಲ್ಲಮ್ಮ, ಲೆಡ್. ಸೀಸ."

ಆಕೆ ಕಂಪ್ಯೂಟರಿನಲ್ಲಿ ಮೇಲಿಂದ ಕೆಳಗೆ ಹುಡುಕಿದಳು. "ಪ್ಯಾಕೇಜಲ್ಲಿ ಬರಲ್ಲ ಅಂಕಲ್. ಫುಲ್ ಬಾಡಿ ಚೆಕಪ್ ಮಾಡ್ಸಿ, ವಿಟಮಿನ್ ಡಿ ಫ್ರೀ ಇದೆ."

ಸರಿ, ಸರ್ಕಾರವನ್ನೇ ಕೇಳೋಣ ಎಂದು ಒಂದು ಕಚೇರಿ ಮೆಟ್ಟಿಲು ಹತ್ತಿದೆ. ಸೀಸದ ವಿಷಯ ವಿಚಾರಿಸಬೇಕಿತ್ತು ಅಂದೆ. ಗುಮಾಸ್ತರು ಫೈಲಿನಿಂದ ತಲೆ ಎತ್ತಲಿಲ್ಲ. "ಸೀಸೆ ಆದ್ರೆ ಅಬಕಾರಿ. ಮೂರನೇ ಮಹಡಿ."

"ಸೀಸೆಯಲ್ಲ ಸ್ವಾಮಿ, ಸೀಸ. ಪೇಂಟಲ್ಲಿ ಇರುತ್ತಲ್ಲ, ಅದು."

ಈಗ ತಲೆ ಎತ್ತಿದರು. "ಪೇಂಟಲ್ಲಿದ್ರೆ ಪರಿಸರ ಇಲಾಖೆ. ಅರಿಶಿನಕ್ಕೆ ಬೆರೆಸಿದ್ರೆ ಆಹಾರ. ಹಳೇ ಬ್ಯಾಟರಿ ಕರಗಿಸ್ತಿದ್ರೆ ಮಾಲಿನ್ಯ ಮಂಡಳಿ. ಮಗುವಿನ ಹೊಟ್ಟೆಗೆ ಸೇರಿದ್ರೆ ಆರೋಗ್ಯ. ನಿಮ್ಮದು ಯಾವ ಸೀಸ?"

ಏನು ಹೇಳಲಿ? ರಕ್ತಕ್ಕೆ ಇಳಿದ ಮೇಲೆ ಅದು ತನ್ನ ಇಲಾಖೆ ಹೇಳಲ್ಲ ಅಲ್ವಾ.

ತಮಾಷೆ ಏನಂದ್ರೆ, ಗೊತ್ತಿರುವವರು ಇಲ್ಲ ಅಂತಲ್ಲ. ಸೀಸದ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ರೆಫರಲ್ ಕೇಂದ್ರ ಶುರುವಾಗಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಅಲ್ಲಿನ ಡಾ. ತುಪ್ಪಿಲ್ ವೆಂಕಟೇಶ್ ಇದರ ಹಿಂದೆ ಬಿದ್ದು 'ಲೆಡ್ ಮ್ಯಾನ್' ಎಂದೇ ಹೆಸರಾದರು. ದೆಹಲಿಯ ಏಮ್ಸ್‌ನಲ್ಲಿ ಯಾವ ವಿಷದ ಬಗ್ಗೆ ಕೇಳಿದರೂ ಹಗಲು ರಾತ್ರಿ ಫೋನಿನಲ್ಲಿ ಹೇಳುವ ಕೇಂದ್ರವೊಂದಿದೆ. 2000ದಲ್ಲಿ ಪೆಟ್ರೋಲಿನಿಂದ ಸೀಸ ಬಿಟ್ಟುಹೋಯಿತು. 2017ರ ನವೆಂಬರಿನಿಂದ ಮನೆ ಪೇಂಟಿನಲ್ಲಿ ಅದು 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟುವಂತಿಲ್ಲ. ಒಳ್ಳೇ ನಿಯಮ, ಆದರೆ ಹೊಸ ಡಬ್ಬಕ್ಕೆ. ನಮ್ಮಪ್ಪನ ಹಳದಿಗೆ ಯಾರೂ ನೋಟಿಸ್ ಕೊಟ್ಟಿಲ್ಲ. 2020ರಲ್ಲಿ ಯುನಿಸೆಫ್ ಕೊಟ್ಟ ಅಂದಾಜು ನೋಡಿ: ಭಾರತದ 27 ಕೋಟಿಗೂ ಜಾಸ್ತಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು. ಇಷ್ಟೂ ಮಕ್ಕಳು ಸೇರಿ ಲ್ಯಾಬಿನ ಪ್ಯಾಕೇಜಿನಲ್ಲಿ ಒಂದು ಸಾಲು ಗಿಟ್ಟಿಸಲಾಗಲಿಲ್ಲ.

ಇತ್ತ ಸೊಸೆ ಗಾಬರಿಯಾಗಿ ಮಗುವಿನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿದ್ದಳು. ತಪ್ಪು ಅವಳದಲ್ಲ. ಇಡೀ ಊರಿನಲ್ಲಿ ಧೈರ್ಯವಾಗಿ ಸೀಸದ ಹೆಸರು ಹೊತ್ತುಕೊಂಡಿರುವುದು ಅದೊಂದೇ, ಸೀಸದ ಕಡ್ಡಿ. ಅದರೊಳಗಿನ ಕಪ್ಪು ಬರೀ ಗ್ರಾಫೈಟು, ಸೀಸ ಇಲ್ಲವೇ ಇಲ್ಲ. (ಹೊರಗಿನ ಬಣ್ಣದ ಮಾತು ಬೇರೆ.) ಇರುವ ಕಡೆ ಹೆಸರಿಲ್ಲ, ಹೆಸರಿರುವ ಕಡೆ ಸೀಸ ಇಲ್ಲ.

ಸರಳಿನ ಬಣ್ಣ ತೆಗೆಸೋಣ ಎಂದು ಪೇಂಟರನ್ನು ಕರೆದೆ. "ಉಪ್ಪುಕಾಗದ ಹಾಕಿ ಗರಗರ ತಿಕ್ಕಿಬಿಡ್ತೀನಿ ಸಾರ್, ಅರ್ಧ ದಿನದ ಕೆಲಸ." ಅದೇ ಆಗಬಾರದ್ದು. ಒಣಗಿದ್ದನ್ನು ತಿಕ್ಕಿದರೆ, ಒಂದು ಮಗು ಕಚ್ಚುತ್ತಿದ್ದದ್ದನ್ನು ಇಡೀ ಮನೆ ಉಸಿರಾಡಬೇಕು. ಮಗುವನ್ನು ಬೇರೆ ಕಡೆ ಕಳಿಸ್ತೀನಿ, ಒದ್ದೆ ಮಾಡಿ ಕೆರೆಯಪ್ಪ ಅಂದೆ. ಕಬ್ಬಿಣಕ್ಕೆ ಸ್ನಾನ ಮಾಡಿಸೋ ಮುದುಕ ಎಂಬಂತೆ ನನ್ನನ್ನು ನೋಡಿದ. ಹಬ್ಬ ಮುಗಿಸಿ ಬರ್ತೀನಿ ಅಂದವನು ಇನ್ನೂ ಬಂದಿಲ್ಲ.

ಕೊನೆಗೆ ಅದೇ ಲ್ಯಾಬಿನವರು, ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸ್ತೀವಿ ಎಂದು ಒಪ್ಪಿಕೊಂಡರು. ಚೀಟಿಯ ಮೇಲೆ 'ಲೆಡ್' ಅಂತ ದೊಡ್ಡದಾಗಿ ಬರೆದುಕೊಟ್ಟೆ. ಇಬ್ಬರು ಕೈ ಹಿಡಿದು, ಒಬ್ಬರು ಗಿಲಕಿ ಆಡಿಸಿ, ಹೇಗೋ ರಕ್ತ ತೆಗೆದರು.

ನಾಲ್ಕನೇ ದಿನ ಮೊಬೈಲಿಗೆ ರಿಪೋರ್ಟ್ ಬಂತು. ಲಿಪಿಡ್ ಪ್ರೊಫೈಲ್. ಮೂರು ವರ್ಷದ ಹುಡುಗನ ಕೊಲೆಸ್ಟ್ರಾಲ್ ನಾರ್ಮಲ್. ಕೆಳಗೆ ಸಲಹೆ: ಎಣ್ಣೆ ಪದಾರ್ಥ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. ಅವನ ಪಾಲಿನ ವಾಕಿಂಗನ್ನು ನಾನಾಗಲೇ ಮುಗಿಸಿದ್ದೆ.

ಓದಿ ತಲೆ ಎತ್ತಿದರೆ ಅವನು ಕಿಟಕಿ ಹತ್ತಿರ ಸುಮ್ಮನೆ ನಿಂತಿದ್ದ. ಸರಳಿಗೆ ನಾನು ಸುತ್ತಿದ್ದ ಟವೆಲ್ ನೆಲದ ಮೇಲಿತ್ತು. ಹಸಿರು ಮುಗಿದು ಹಳದಿ ಶುರುವಾಗಿತ್ತು.