ಶೆಡ್ ಕಟ್ಟುವ ಮೊದಲು ನೆಲ ನೋಡಿ

2019ರ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ವಸತಿ ಸಮುಚ್ಚಯವೊಂದರ ಕಾಂಪೌಂಡ್ ಗೋಡೆ ಪಕ್ಕದಲ್ಲಿ ಕಟ್ಟಡ ಕಾರ್ಮಿಕರು ವಾಸವಿದ್ದ ಲೇಬರ್ ಶೆಡ್‌ಗಳ ಮೇಲೆ ಕುಸಿದು 15 ಜನ ಸತ್ತರು. ಗೋಡೆಯ ಆಚೆ ಎತ್ತರದಲ್ಲಿ ಕಾರು ನಿಲ್ಲಿಸುವ ಜಾಗ, ಈಚೆ ತಗ್ಗಿನಲ್ಲಿ ಮಲಗುವ ಜಾಗ. ನಮ್ಮ ಬೆಂಗಳೂರಿನ ಕಡೆ ಇಳಿಜಾರಿನ ಸೈಟಿನಲ್ಲಿ ಶೆಡ್ ಹಾಕುವುದು ಇಂಥ ಗೋಡೆಯ ಬುಡದಲ್ಲೇ. ಒಂದು ಬದಿಯ ತಗಡು ಉಳಿಯುತ್ತದೆ ಎನ್ನುವ ಲೆಕ್ಕ. ಬೆಂಗಳೂರಿನ ಕೆಂಪು ಮಣ್ಣು ಬೇಸಿಗೆಯಲ್ಲಿ ನೆಟ್ಟಗೆ ನಿಂತಿರುತ್ತದೆ, ಅದನ್ನೇ ನಂಬುತ್ತಾರೆ. ಮಣ್ಣಿನ ಆ ಬಿಗಿ ಅದು ಒಣಗಿರುವವರೆಗೆ ಮಾತ್ರ.

ನಾನೀಗ ಇರುವ ಬ್ರಿಟನ್ನಿನಲ್ಲಿ ಮೊದಲು ಹುಡುಕುವುದು ಜಾಗದ ಹಳೆಯ ಕಥೆ. ನೂರು ವರ್ಷದ ನಕ್ಷೆಗಳನ್ನು ಸಾಲಾಗಿಟ್ಟು ಕಾರ್ಖಾನೆ, ಗಣಿ, ಕಸಗುಂಡಿ ಇತ್ತೇ ಎಂದು ನೋಡಿ, ಆಮೇಲೆ ಗುಂಡಿ ತೋಡಿ ಮಣ್ಣು ಪರೀಕ್ಷಿಸುತ್ತಾರೆ. ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 1986ರಲ್ಲಿ ಡರ್ಬಿಶೈರಿನ ಲೋಸ್ಕೋದಲ್ಲಿ ಹತ್ತಿರದ ಕಸಗುಂಡಿಯ ಮೀಥೇನ್ ಎಂಬ ಉರಿಯುವ ಅನಿಲ ನೆಲದಡಿ ಹರಿದು ಬಂದು ಒಂದು ಮನೆಯೇ ಸಿಡಿಯಿತು. ಬೆಂಗಳೂರಿನ ಸುತ್ತಲೂ ಕಸ ತುಂಬಿದ ಕಲ್ಲುಕ್ವಾರಿಗಳಿವೆ. ಗ್ರಾಮ ನಕ್ಷೆ ಮತ್ತು ಕರ್ನಾಟಕ ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು, ಕೆರೆ, ಖರಾಬು (ಸಾಗುವಳಿಗೆ ಬಾರದ ಜಮೀನು) ಕಾಣುತ್ತವೆ. ಅರ್ಧ ದಿನದ ಕೆಲಸ, ಆದರೂ ಶೆಡ್ಡಿಗೆಂದು ಯಾರೂ ಮಾಡುವುದಿಲ್ಲ. ಕಸ ತುಂಬಿದ ನೆಲವಾದರೆ ಕ್ಯಾಬಿನ್ನನ್ನು (ಕಾರ್ಮಿಕರು ಮಲಗುವ ತಗಡಿನ ಕೋಣೆ) ನೆಲದಿಂದ ಎತ್ತಿಟ್ಟು, ಅನಿಲ ಹೊರಹೋಗುವಂತೆ ಕೆಳಗೆ ಗಾಳಿ ಆಡಲು ಬಿಡಬೇಕು. ಚಳಿ, ಇಲಿ ಎಂದು ಆ ಸಂದಿಗೆ ತಗಡು ಬಡಿಯಬಾರದು, ಜಾಲರಿ ಸಾಕು.

ಕ್ಯಾಬಿನ್ ಹಗುರ, ನೆಲ ಹೇಗಿದ್ದರೇನು ಎನ್ನುವವರಿದ್ದಾರೆ. ಅರ್ಧ ಕಡಿದ ನೆಲದ ಮೇಲೆ, ಅರ್ಧ ಭರ್ತಿ ಮಣ್ಣಿನ ಮೇಲೆ ಕೂತರೆ ಒಂದು ಮೂಲೆ ಇಳಿದು ಚೌಕಟ್ಟು ತಿರುಚುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ರಾತ್ರಿ ಬೆಂಕಿ ಬಿದ್ದರೆ ಆ ಬಾಗಿಲೇ ಪ್ರಾಣ ತೆಗೆಯುತ್ತದೆ. ಹಾಗಾಗಿ ಉದ್ದನೆಯ ಬದಿಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಒಂದೊಂದು ಸಾಲೂ ಪೂರ್ತಿ ಒಂದೇ ಬಗೆಯ ನೆಲದ ಮೇಲೆ ಬರುವಂತೆ ಮೆಟ್ಟಿಲು ಮೆಟ್ಟಿಲಾಗಿ ಅಂಗಳ ಮಾಡಬೇಕು. ಭರ್ತಿಗೆ ಮೊದಲು ಇಳಿಜಾರನ್ನೂ ಮೆಟ್ಟಿಲಾಗಿ ಕಡಿದು, 200 ಮಿಲಿಮೀಟರ್ ಪದರಗಳಲ್ಲಿ ಮಣ್ಣು ಹಾಕಿ, ಪ್ರಾಕ್ಟರ್ ಸಾಂದ್ರತೆಯ (ಪ್ರಯೋಗಾಲಯದಲ್ಲಿ ಆ ಮಣ್ಣನ್ನು ಬಡಿದಾಗ ಸಿಗುವ ಗರಿಷ್ಠ ಬಿಗಿ) ಶೇ. 95ಕ್ಕೆ ರೋಲರ್ ಹೊಡೆಯಬೇಕು. ಹಳೆಯ ಪಾಯದ ಕಲ್ಲನ್ನು ತೆಗೆಯದೆ ಒಳಗೇ ಉಳಿಸಿದರೆ ಅಲ್ಲಿ ಮಾತ್ರ ನೆಲ ಗಟ್ಟಿ, ಸುತ್ತ ಕುಸಿತ.

ಎಲ್ಲಕ್ಕಿಂತ ಅಲಕ್ಷ್ಯ ನೀರಿನದು. ತಲೆಗೆ 135 ಲೀಟರ್ ಎಂಬ ನಗರದ ಲೆಕ್ಕ ಹಿಡಿದರೆ ನೂರು ಜನರಿಗೆ ದಿನಕ್ಕೆ 13,500 ಲೀಟರ್ ನೀರು. ಅದರ ಶೇ. 80, ಅಂದರೆ 10,800 ಲೀಟರ್ ಬಚ್ಚಲು, ಕಕ್ಕಸಿನಿಂದ ಹೊರಬರುತ್ತದೆ. ತಡೆಗೋಡೆಯ ತಲೆಯ ಮೇಲೆ ಇಂಗುಗುಂಡಿ ತೋಡಿದರೆ ದಿನವೂ ಅಲ್ಲಿ ಮಳೆಗಾಲವೇ. ಇಂಗುಗುಂಡಿ ಎಲ್ಲ ಕಟ್ಟಡ, ಗೋಡೆಗಳಿಗಿಂತ ಕೆಳಗಿರಲಿ. ಮೇಲ್ತುದಿಗೆ ಕಾಲುವೆ, ಗೋಡೆಯ ಹಿಂದೆ ಜಲ್ಲಿ, ಗೋಡೆಯಲ್ಲಿ ಸುಮಾರು ಒಂದೂವರೆ ಮೀಟರಿಗೊಂದು ನೀರು ಸೋರುವ ತೂತು ಬೇಕು. ಜಲ್ಲಿಯಿಲ್ಲದ ತೂತು ಮಣ್ಣು ಕಟ್ಟಿ ಮುಚ್ಚುತ್ತದೆ.

ಕಾನೂನಿನಲ್ಲಿ ನಮ್ಮದೇ ಮೇಲಿತ್ತು. ಬ್ರಿಟನ್ನಿನ 2015ರ ಕಟ್ಟಡ ಕೆಲಸದ ನಿಯಮಗಳು ಸೈಟಿನಲ್ಲಿ ಶೌಚಾಲಯ, ವಿಶ್ರಾಂತಿ ಜಾಗ ಕೇಳುತ್ತವೆ, ವಾಸದ ಮನೆಯನ್ನಲ್ಲ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಸೆಕ್ಷನ್ ಉಚಿತ ತಾತ್ಕಾಲಿಕ ವಸತಿಯನ್ನು ಮಾಲೀಕನ ಹೊಣೆ ಮಾಡಿತ್ತು. ಆ ವಸತಿಯ ನೆಲಪರೀಕ್ಷೆ, ಕಾಲುವೆಗಳಿಗೆ ಟೆಂಡರಿನಲ್ಲಿ ಪ್ರತ್ಯೇಕ ಐಟಂ ಇರಬೇಕು. ಈಗಿನಂತೆ ಗುತ್ತಿಗೆದಾರನ ಇತರೆ ಖರ್ಚಿನೊಳಗೆ ಸೇರಿಸಿದರೆ ಮೊದಲು ಕಡಿತವಾಗುವುದು ಅದೇ.